‘ಆಟಮ್ ಲೀವ್ಸ್’: ಹಾಡೊಂದು, ಪಿಯಾನೋ ಹಲವು

ಜಾಝ್ ಪರಿಭಾಷೆಯಲ್ಲಿ ‘ಸ್ಟ್ಯಾಂಡರ್ಡ್’ ಎಂದರೆ ಬಹುತೇಕ ಎಲ್ಲ ವಾದಕರಿಗೂ ಕಂಠಸ್ಥವಾಗಿರುವ, ಅಪರಿಚಿತರು ಒಂದೇ ವೇದಿಕೆಯಲ್ಲಿ ಕಲೆತಾಗಲೂ ಪೂರ್ವಾಭ್ಯಾಸವಿಲ್ಲದೆ ನುಡಿಸಬಲ್ಲ ಹಾಡು. ಇಂಥ ಹಾಡುಗಳಲ್ಲಿ ಹೆಚ್ಚಿನವು ಜಾಝ್‌ಗಾಗಿ ಹುಟ್ಟಿದವಲ್ಲ. ಚಲನಚಿತ್ರ ಹಾಗೂ ಸಂಗೀತ ನಾಟಕಗಳಿಂದ ಬಂದವು. ಕೇಳುಗನಿಗೆ ಧಾಟಿ ಮೊದಲೇ ಗೊತ್ತಿರುತ್ತದೆ. ಅದನ್ನು ಹೊಸದಾಗಿಸಬೇಕು, ಆದರೆ ಗುರುತು ಅಳಿಯಬಾರದು ಎಂಬುದೇ ಪಿಯಾನೋ ವಾದಕನಿಗೆ ಎದುರಾಗುವ ಸವಾಲು. ಇದನ್ನು ಅರಿಯಲು ‘ಆಟಮ್ ಲೀವ್ಸ್’ಗಿಂತ ಅನುಕೂಲವಾದ ಉದಾಹರಣೆ ಸಿಗುವುದು ಕಷ್ಟ.

ಹಂಗೇರಿ ಮೂಲದ ಜೋಸೆಫ್ ಕೋಸ್ಮಾ 1945ರಲ್ಲಿ ಬ್ಯಾಲೆಯೊಂದಕ್ಕಾಗಿ ಈ ಸಂಗೀತವನ್ನು ರಚಿಸಿದರು. ಫ್ರೆಂಚ್ ಕವಿ ಜಾಕ್ ಪ್ರೆವೆರ್ ಅದಕ್ಕೆ ಸಾಹಿತ್ಯ ಬರೆದರು. ಮಾರ್ಸೆಲ್ ಕಾರ್ನೆ ಅವರ 1946ರ ಚಿತ್ರದಲ್ಲಿ ಅದು ಬಳಕೆಯಾಯಿತು. ಚಿತ್ರ ಸೋತಿತು, ಹಾಡು ಉಳಿಯಿತು. ಮುಂದೆ ಅಮೆರಿಕದ ಗೀತರಚನಕಾರ ಜಾನಿ ಮರ್ಸರ್ ಇಂಗ್ಲಿಷ್ ಪಾಠ ಒದಗಿಸಿದರು. ಫ್ರೆಂಚ್ ಮೂಲದಲ್ಲಿದ್ದ ದೀರ್ಘ ಪೀಠಿಕೆಯನ್ನು ಜಾಝ್ ವಾದಕರು ಸಾಮಾನ್ಯವಾಗಿ ಬಿಟ್ಟು, 32 ಬಾರ್‌ಗಳ ಪಲ್ಲವಿಯ ಭಾಗವನ್ನಷ್ಟೇ ಎತ್ತಿಕೊಳ್ಳುತ್ತಾರೆ.

ಧಾಟಿಯ ರಚನೆ ಸರಳ. ಮೂರು ಸ್ವರಗಳು ಮೆಟ್ಟಿಲು ಹತ್ತಿ, ನಾಲ್ಕನೆಯದು ಎತ್ತರಕ್ಕೆ ಹಾರಿ ದೀರ್ಘವಾಗಿ ನಿಲ್ಲುತ್ತದೆ. ಅದೇ ಆಕೃತಿ ಒಂದೊಂದೇ ಮೆಟ್ಟಿಲು ಕೆಳಗಿನಿಂದ ಮತ್ತೆ ಮತ್ತೆ ಕೇಳಿಬರುತ್ತದೆ. ಅದರಡಿಯಲ್ಲಿ ಕಾರ್ಡ್‌ಗಳು, ಅಂದರೆ ಏಕಕಾಲಕ್ಕೆ ಧ್ವನಿಸುವ ಸ್ವರಗುಚ್ಛಗಳು, ಒಂದು ನಿಯತ ಕ್ರಮದಲ್ಲಿ ಸಾಗಿ ಮೊದಲು ಮೇಜರ್‌ನ ಬೆಳಕಿಗೂ, ನಂತರ ಅದರ ಜೋಡಿಯಾದ ಮೈನರ್‌ನ ನೆರಳಿಗೂ ಕರೆದೊಯ್ಯುತ್ತವೆ. ಜಾಝ್ ವಿದ್ಯಾರ್ಥಿಗಳಿಗೆ ಮೊದಮೊದಲು ಕಲಿಸುವ ಹಾಡುಗಳಲ್ಲಿ ಇದೂ ಒಂದಾಗಿರುವುದಕ್ಕೆ ಈ ಕ್ರಮಬದ್ಧತೆಯೇ ಕಾರಣ.

ಧಾಟಿಯನ್ನು ಒಮ್ಮೆ ನುಡಿಸಿದ ಮೇಲೆ ವಾದಕ ಅದನ್ನು ಬಿಟ್ಟು, ಕಾರ್ಡ್‌ಗಳ ಸಾಲನ್ನೇ ನೆಲೆಯಾಗಿಸಿಕೊಂಡು ಹೊಸ ಸ್ವರಪಂಕ್ತಿಗಳನ್ನು ಸ್ಥಳದಲ್ಲೇ ಕಟ್ಟುತ್ತಾನೆ. ಕರ್ನಾಟಕ ಸಂಗೀತ ಬಲ್ಲವರಿಗೆ ಇಲ್ಲಿ ನೆರವಲ್ ನೆನಪಾಗಬಹುದು. ಆದರೆ ನೆರವಲ್‌ನಲ್ಲಿ ಸ್ಥಿರವಾಗಿರುವುದು ಸಾಹಿತ್ಯದ ಸಾಲು, ಇಲ್ಲಿ ಸ್ಥಿರವಾಗಿರುವುದು ಕಾರ್ಡ್‌ಗಳ ಸಾಲು. ಹೋಲಿಕೆಯನ್ನು ಅದಕ್ಕಿಂತ ಮುಂದೆ ಎಳೆಯುವುದು ಉಚಿತವಲ್ಲ.

1955ರ ಎರಡು ಮುಖ

1955ರಲ್ಲಿ ರೋಜರ್ ವಿಲಿಯಮ್ಸ್ ಅವರ ಪಿಯಾನೋ ಮುದ್ರಿಕೆ ಅಮೆರಿಕದ ಜನಪ್ರಿಯತಾ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆಯಿತು. ಎಲೆ ಉದುರುವುದನ್ನು ಅನುಕರಿಸುವಂತೆ ಮೇಲಿಂದ ಕೆಳಕ್ಕೆ ಧುಮುಕುವ ಸ್ವರಧಾರೆ ಅದರ ಆಕರ್ಷಣೆ. ಅಲಂಕಾರವೆಂದರೆ ಅದೇ, ಹೊಸ ವಿಚಾರವೇನೂ ಇರಲಿಲ್ಲ. ಅದೇ ವರ್ಷ ಅಹ್ಮದ್ ಜಮಾಲ್ ಅವರ ತ್ರಯ ಡ್ರಮ್‌ಗಳಿಲ್ಲದೆ, ಗಿಟಾರ್ ಮತ್ತು ಬಾಸ್‌ಗಳ ಜೊತೆಯಲ್ಲಿ ಇದನ್ನು ನುಡಿಸಿತು. ಜಮಾಲ್ ಸ್ವರಗಳಿಗಿಂತ ಮೌನವನ್ನು ಹೆಚ್ಚು ನಂಬಿದವರು. ಅವರ ನುಡಿಸಾಣಿಕೆಯನ್ನು ಮೆಚ್ಚಿದ್ದ ಮೈಲ್ಸ್ ಡೇವಿಸ್ 1958ರಲ್ಲಿ ಕ್ಯಾನನ್‌ಬಾಲ್ ಆಡರ್ಲಿ ಅವರ ‘ಸಮ್‌ಥಿಂಗ್ ಎಲ್ಸ್’ ಸಂಪುಟದಲ್ಲಿ ಇದೇ ಹಾಡನ್ನು ನುಡಿಸಿದಾಗ ಆ ಪ್ರಭಾವ ಸ್ಪಷ್ಟವಾಗಿಯೇ ಕೇಳಿಸಿತು.

ಇವಾನ್ಸ್ ತಂದ ತಿರುವು

ನಿಜವಾದ ತಿರುವು ಬಂದದ್ದು 1959ರ ಡಿಸೆಂಬರ್ 28ರಂದು. ಅದೇ ವರ್ಷ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ದಲ್ಲಿ ಪಿಯಾನೋ ನುಡಿಸಿದ್ದ ಬಿಲ್ ಇವಾನ್ಸ್, ಬಾಸ್ ವಾದಕ ಸ್ಕಾಟ್ ಲಫಾರೊ ಹಾಗೂ ಡ್ರಮ್ ವಾದಕ ಪಾಲ್ ಮೋಶನ್ ಅವರೊಂದಿಗೆ ‘ಪೋರ್ಟ್ರೇಟ್ ಇನ್ ಜಾಝ್’ ಧ್ವನಿಮುದ್ರಿಸಿದರು. ಆಗ ಇವಾನ್ಸ್‌ಗೆ 30 ವರ್ಷ, ಲಫಾರೊಗೆ 23.

ವಿಷಾದಗೀತೆಯೆಂದೇ ಹೆಸರಾಗಿದ್ದ ಹಾಡನ್ನು ಇವಾನ್ಸ್ ಚುರುಕು ನಡೆಯಲ್ಲಿ ಎತ್ತಿಕೊಂಡರು. ಧಾಟಿ ಮುಗಿಯುತ್ತಿದ್ದಂತೆ, ಪದ್ಧತಿಯಂತೆ ಪಿಯಾನೋ ಏಕವ್ಯಕ್ತಿ ವಾದನ ತೊಡಗಬೇಕಾದ ಕಡೆ, ಪಿಯಾನೋ ಮತ್ತು ಬಾಸ್ ಪರಸ್ಪರ ಮಾತನಾಡತೊಡಗುತ್ತವೆ. ಒಬ್ಬರ ತುಣುಕಿಗೆ ಇನ್ನೊಬ್ಬರ ಉತ್ತರ, ಅದಕ್ಕೊಂದು ಪ್ರತಿಪ್ರಶ್ನೆ. ತಾಳವನ್ನು ಯಾರೂ ಎಣಿಸಿ ಹೇಳುವುದಿಲ್ಲ, ಆದರೂ ಮೂವರಿಗೂ ಅದು ತಿಳಿದಿರುತ್ತದೆ. ಕೇಳುಗ ಮಾತ್ರ ಕೆಲವು ಕ್ಷಣ ದಾರಿ ತಪ್ಪಿದಂತಾಗುತ್ತಾನೆ. ಬಳಿಕ ಬಾಸ್ ಸಮನಡೆಗೆ ಮರಳಿ, ಪಿಯಾನೋ ಮುಂದಾದಾಗ ಉಂಟಾಗುವ ಬಿಡುಗಡೆಯ ಭಾವವೇ ಈ ಮುದ್ರಿಕೆಯ ಸೊಗಸು. ಅಲ್ಲಿಯವರೆಗೆ ಬಾಸ್ ವಾದಕನ ಕೆಲಸವೆಂದರೆ ಬಹುಮಟ್ಟಿಗೆ ಹಿಂದೆ ನಿಂತು ಲಯ ಹಿಡಿಯುವುದಾಗಿತ್ತು.

ಇದಕ್ಕೆ ಇವಾನ್ಸ್‌ರ ಎಡಗೈಯೂ ಕಾರಣ. ಕಾರ್ಡ್‌ನ ತಳಸ್ವರವನ್ನು ಅವರು ಹಲವು ವೇಳೆ ನುಡಿಸುವುದೇ ಇಲ್ಲ. ಅದನ್ನು ಬಾಸ್‌ಗೆ ಬಿಟ್ಟು, ಮೂರನೆಯ, ಏಳನೆಯ, ಒಂಬತ್ತನೆಯ ಸ್ವರಗಳನ್ನು ಹತ್ತಿರ ಹತ್ತಿರ ಜೋಡಿಸುತ್ತಾರೆ. ಕೆಳಗೆ ಜಾಗ ತೆರವಾಗುತ್ತದೆ. ಲಫಾರೊ ಓಡಾಡಿದ್ದು ಆ ತೆರವಿನಲ್ಲೇ. ಬಲಗೈಯ ಪಂಕ್ತಿಗಳೂ ಬಾರ್‌ಗಳ ಗಡಿಗೆ ಸರಿಯಾಗಿ ನಿಲ್ಲದೆ, ಒಂದು ಸಣ್ಣ ಆಕೃತಿಯನ್ನು ತಾಳದ ಬೇರೆ ಬೇರೆ ಸ್ಥಾನಗಳಿಗೆ ಸರಿಸುತ್ತಾ ಬೆಳೆಯುತ್ತವೆ. ಅಂದಿನ ಎರಡು ಆವೃತ್ತಿಗಳು ಇಂದು ಲಭ್ಯವಿವೆ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಚೌಕಟ್ಟು ಒಂದೇ, ಸಂಭಾಷಣೆ ಬೇರೆ ಎಂಬುದು ಮನವರಿಕೆಯಾಗುತ್ತದೆ.

ಈ ಜೊತೆ ಹೆಚ್ಚು ದಿನ ಬಾಳಲಿಲ್ಲ. 1961ರ ಜೂನ್ 25ರಂದು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ತ್ರಯದ ಪ್ರಸಿದ್ಧ ಧ್ವನಿಮುದ್ರಣ ನಡೆಯಿತು. ಜುಲೈ 6ರಂದು ಲಫಾರೊ ಕಾರು ಅಪಘಾತದಲ್ಲಿ ಮೃತಪಟ್ಟರು. ಆಗ ಅವರಿಗೆ 25 ವರ್ಷ. ಇವಾನ್ಸ್ ತಿಂಗಳುಗಳ ಕಾಲ ಸಾರ್ವಜನಿಕ ವಾದನದಿಂದ ದೂರ ಉಳಿದರು. ಮುಂದೆ 1966ರಲ್ಲಿ ಎಡ್ಡಿ ಗೋಮೆಜ್ ತಂಡ ಸೇರಿದ ಮೇಲೆ ‘ಆಟಮ್ ಲೀವ್ಸ್’ ಬಾಸ್ ವಾದಕನಿಗೆ ದೀರ್ಘ ಅವಕಾಶ ನೀಡುವ ಹಾಡಾಗಿ ಕಚೇರಿಗಳಲ್ಲಿ ಕೇಳಿಬಂತು. 1980ರಲ್ಲಿ ಇವಾನ್ಸ್ ನಿಧನರಾದರು.

ಮೂವರೂ ಸಮಾನರಾಗಿ ನುಡಿಸುವ ಈ ಕ್ರಮವನ್ನು ಮುಂದಕ್ಕೊಯ್ದವರಲ್ಲಿ ಕೀತ್ ಜಾರೆಟ್ ಪ್ರಮುಖರು. 1983ರಲ್ಲಿ ಗ್ಯಾರಿ ಪೀಕಾಕ್ ಮತ್ತು ಜಾಕ್ ಡಿಜಾನೆಟ್ ಅವರೊಂದಿಗೆ ಸ್ಟ್ಯಾಂಡರ್ಡ್‌ಗಳ ಧ್ವನಿಮುದ್ರಣ ಆರಂಭಿಸಿದ ಅವರು, 1994ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಬ್ಲೂ ನೋಟ್ ಕ್ಲಬ್‌ನಲ್ಲಿ ‘ಆಟಮ್ ಲೀವ್ಸ್’ ಒಂದನ್ನೇ 26 ನಿಮಿಷಕ್ಕೂ ಹೆಚ್ಚು ಕಾಲ ನುಡಿಸಿದರು. ಇವಾನ್ಸ್ ಆರು ನಿಮಿಷದೊಳಗೆ ಹೇಳಿದ್ದಕ್ಕೆ ಇಷ್ಟು ವಿಸ್ತಾರ ಬೇಕಿತ್ತೇ ಎಂದು ಕೇಳುವವರಿದ್ದಾರೆ. ಪೂರ್ತಿ ಕೇಳಿದವರು ಸಾಮಾನ್ಯವಾಗಿ ಆ ಪ್ರಶ್ನೆ ಎತ್ತುವುದಿಲ್ಲ. 2018ರಲ್ಲಿ ಎರಡು ಬಾರಿ ಪಾರ್ಶ್ವವಾಯುವಿಗೆ ತುತ್ತಾದ ಜಾರೆಟ್ ಅವರ ಎಡಗೈ ಸ್ವಾಧೀನ ತಪ್ಪಿತು. ಆ ಮೂರು ರಾತ್ರಿಗಳ ಕಚೇರಿಗಳು ಆರು ಸಿ.ಡಿ.ಗಳ ಸಂಪುಟವಾಗಿ ಉಳಿದಿವೆ.