ಕೂಪಿನಿಂದ ಹೊಲದ ಬದುವಿಗೆ

ನಮ್ಮ ಕಡೆ ‘ಮರ’ ಅನ್ನುವ ಮಾತು ಬಾಯಲ್ಲಿ ಬರುವುದೇ ಕಡಿಮೆ. ಬೇವಿನ ಗಿಡ, ಹುಣಸಿ ಗಿಡ. ನೂರು ವರ್ಷದ ಆಲವೂ ಗಿಡವೇ. ಹಾಗಾಗಿ ರನ್ನ ಬೆಳಗಲಿಯಲ್ಲಿ ಮರ ಕಡಿಯುವ ಕಸುಬಿನವರು ‘ಗಿಡ ಕಡ್ಯಾವ್ರು’. ಐದಾರು ಜನರ ಟೋಳಿ, ಒಂದು ಟ್ರ್ಯಾಕ್ಟರು, ಒಂದೋ ಎರಡೋ ಕಟಿಂಗ್ ಮಷಿನ್, ದಪ್ಪ ಹಗ್ಗ, ಎರಡು ಕೊಡಲಿ. ಕೆಲಸ ಯಾರದು ಎಂದು ಕೇಳಿದರೆ ಮುಧೋಳದ ಅಡ್ಡೆಯ ಸಾವಕಾರರ ಹೆಸರು ಹೇಳುತ್ತಾರೆ. ಆ ಸಾವಕಾರರನ್ನು ಕೇಳಿದರೆ ಅವರು ಇನ್ನೊಬ್ಬ ಗುತ್ತೇದಾರನಿಂದ ಹಿಡಿದದ್ದು ಎನ್ನುತ್ತಾರೆ. ಹೀಗೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಇಳಿಯುತ್ತ ಬಂದ ಕೆಲಸದ ಕೊನೆಯ ತುದಿಯಲ್ಲಿ ಈ ಟೋಳಿ ನಿಂತಿರುತ್ತದೆ.

ನಮ್ಮೂರಿನ ಹೆಸರಿನಲ್ಲೇ ಕವಿ ಇದ್ದಾನೆ. 949ರಲ್ಲಿ ಹುಟ್ಟಿದ ರನ್ನ ಬಳೆಗಾರರ ಕುಲದವನು. ಬಳೆ ಮಾರುವವರ ಮಗ ಕವಿಚಕ್ರವರ್ತಿಯಾದ ಕತೆಯನ್ನು ಶಾಲೆಯಲ್ಲಿ ಕೇಳುತ್ತಲೇ ಬೆಳೆದವರು ನಾವು. ಆದರೂ ಕಸುಬಿನವರ ಚರಿತ್ರೆಯನ್ನು ಹುಡುಕಲು ಹೊರಟರೆ ಕೈಗೆ ಸಿಗುವುದು ಸ್ವಲ್ಪ. ಅದರಲ್ಲೂ ಕೊಡಲಿ ಹಿಡಿದವನದು ಇನ್ನೂ ಸ್ವಲ್ಪ. ಕಾಡಿನ ಚರಿತ್ರೆಯಲ್ಲಿ ಸಾಹೇಬರಿದ್ದಾರೆ, ಕಾಯ್ದೆಗಳಿವೆ, ಈಚೆಗೆ ಮರ ಅಪ್ಪಿಕೊಂಡವರೂ ಇದ್ದಾರೆ. ಮರ ಕಡಿದವನು ‘ಕೂಲಿಗಳು’ ಎಂಬ ಬಹುವಚನದಲ್ಲಿ ಸೇರಿಹೋಗಿದ್ದಾನೆ.

ಹಿಂದೆ ಎರಿ ಹೊಲದ ಸೀಮೆಯಲ್ಲಿ ಗಿಡ ಕಡಿಯುವುದು ಬೇರೆಯೇ ಒಂದು ಕಸುಬಾಗಿರಲಿಲ್ಲ. ರೈತನಿಗೆ ಬಂಡಿಯ ಗಾಲಿ ಬೇಕು, ಕುಂಟಿ, ಕೂರಿಗೆ ಬೇಕು. ಅವಕ್ಕೆಲ್ಲ ಕರಿಜಾಲಿಯೇ ಗಟ್ಟಿ. ಸುಗ್ಗಿ ಮುಗಿದ ಮೇಲೆ ಬಡಿಗೇರ ಬಂದು ಬದುವಿನ ಜಾಲಿಯನ್ನು ನೋಡಿ, ಯಾವ ಕೊಂಬೆ ಯಾವುದಕ್ಕೆ ಎಂದು ಹೇಳುತ್ತಿದ್ದ. ಕಡಿಯುವುದಕ್ಕೆ ಮನೆಯವರು, ಓಣಿಯವರು ಕೈಗೂಡಿಸುತ್ತಿದ್ದರು. ಬಡಿಗೇರನಿಗೆ ಹಣದ ಕೂಲಿ ಇರಲಿಲ್ಲ. ಕಣದಲ್ಲಿ ರಾಶಿಯಾದಾಗ ಅವನ ಆಯ ಅವನಿಗೆ ಸಲ್ಲುತ್ತಿತ್ತು. ಆಯದ ಪದ್ಧತಿಯನ್ನು ಹೊಗಳಬೇಕೆಂದು ಈ ಮಾತು ಬರೆಯುತ್ತಿಲ್ಲ. ಅದರೊಳಗೆ ಜಾತಿಯ ಕಟ್ಟು ಬಿಗಿಯಾಗಿತ್ತು. ಆದರೆ ಗಿಡ ಬಿದ್ದು ಒಬ್ಬನ ಕಾಲು ಮುರಿದರೆ ಅವನು ಯಾರ ಆಳು ಎಂಬ ಪ್ರಶ್ನೆ ಅಲ್ಲಿ ಏಳುತ್ತಿರಲಿಲ್ಲ. ಅವನು ಊರವನು.

ಆ ಪ್ರಶ್ನೆ ಹುಟ್ಟಿದ್ದು ಕಾಡಿನಲ್ಲಿ. ಮುಂಬಯಿ ಸರ್ಕಾರ 1847ರಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಎಂಬ ವೈದ್ಯನನ್ನು ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿಗೆ ಸೇರಿತು. ದಾಂಡೇಲಿ, ಹಳಿಯಾಳದ ತೇಗದ ಕಾಡು ಅದರ ಜೊತೆಗೇ ಹೋಯಿತು. 1878ರ ಅರಣ್ಯ ಕಾಯ್ದೆ ಕಾಡನ್ನು ಮೀಸಲು, ರಕ್ಷಿತ ಎಂದು ವಿಂಗಡಿಸಿತು. 1884ರ ಹೊತ್ತಿಗೆ ಸದರ್ನ್ ಮರಾಠಾ ರೈಲ್ವೆಯ ಹೊಟಗಿ–ಗದಗ ಹಳಿ ನಮ್ಮ ಬಾಗಲಕೋಟೆಯ ಮೇಲೆ ಹಾದುಹೋಗಿತ್ತು. ಹಳಿಯ ಕೆಳಗೆ ಸ್ಲೀಪರು ಬೇಕು, ಸೇತುವೆಗೆ ತೊಲೆ ಬೇಕು, ಸ್ಟೇಶನ್ನಿಗೆ ಜಂತಿ ಬೇಕು. ಅಳ್ನಾವರದಿಂದ ದಾಂಡೇಲಿಗೆ ಹೋದ ಕವಲು ಹಳಿಯಂತೂ ಹಾಕಿದ್ದೇ ಮುಖ್ಯವಾಗಿ ನಾಟಾ ಸಾಗಿಸಲೆಂದು.

ಇಲಾಖೆ ಕಾಡನ್ನು ‘ಕೂಪು’ಗಳಾಗಿ ಕತ್ತರಿಸಿತು. ಫ್ರೆಂಚರ ಮಾತು ಇಂಗ್ಲಿಷರ ಬಾಯಿಂದ ಬಂದು ನಮ್ಮ ಮಲೆನಾಡಿನಲ್ಲಿ ಅಪ್ಪಟ ಕನ್ನಡದ ಹಾಗೆ ನೆಲೆಸಿದ್ದು ನನಗೆ ಸೋಜಿಗವೇ. ಈ ವರ್ಷ ಈ ಕೂಪು, ಬರುವ ವರ್ಷ ಆ ಕೂಪು. ಕಡಿಯಬೇಕಾದ ಮರಕ್ಕೆ ಸುತ್ತಿಗೆಯ ಮುದ್ರೆ ಬೀಳುತ್ತದೆ, ಕೂಪು ಹರಾಜಾಗುತ್ತದೆ. ಹೆಚ್ಚು ಕೂಗಿದ ಗುತ್ತೇದಾರ ಪೇಟೆಯವನು. ಅವನು ಕೊಡಲಿ ಮುಟ್ಟುವುದಿಲ್ಲ. ಅವನು ಮೇಸ್ತ್ರಿಗೆ ಮುಂಗಡ ಕೊಡುತ್ತಾನೆ, ಮೇಸ್ತ್ರಿ ಹಳ್ಳಿಯಲ್ಲಿ ಆಳಿಗೆ ಮುಂಗಡ ಹಂಚುತ್ತಾನೆ. ಆಳು ಆ ಮುಂಗಡ ತೀರುವ ತನಕ ಕೂಪಿನಲ್ಲೇ. ಕಬ್ಬಿನ ಟೋಳಿಗಳನ್ನು ಕಂಡ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಅಳತೆಯ ಒಂದು ಲೆಕ್ಕ ಹೇಳಲೇಬೇಕು. ಎಷ್ಟೋ ಜನ ಈ ಕಸುಬಿನಲ್ಲಿ ಸೋತದ್ದು ಕೊಡಲಿಯಿಂದಲ್ಲ, ಟೇಪಿನಿಂದ. ದಿಮ್ಮಿಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವುದು ರೂಢಿ. 4 ಅಡಿ ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ. ಅದೇ ದಿಮ್ಮಿಯನ್ನು ಶಾಲೆಯ ಗಣಿತದ ಪ್ರಕಾರ ದುಂಡಗಿನ ಕಂಬವೆಂದು ಲೆಕ್ಕ ಹಾಕಿದರೆ ಸುಮಾರು 12.7 ಘನ ಅಡಿ ಬರುತ್ತದೆ. ನೂರಕ್ಕೆ ಇಪ್ಪತ್ತೊಂದಕ್ಕೂ ಮೀರಿದ ಪಾಲು ಕಾಗದದ ಮೇಲೆ ಮಾಯ. ತೊಗಟೆ ಹೋಗುತ್ತದೆ, ಚೌಕ ಕೊಯ್ದಾಗ ಅಂಚು ಹೋಗುತ್ತದೆ, ಅದಕ್ಕೇ ಈ ಬಿಡುವಳಿ ಎಂಬುದು ವ್ಯಾಪಾರದ ನ್ಯಾಯ. ಕೊಳ್ಳುವವನಿಗೆ ಅದು ಸರಿಯೇ. ಆದರೆ ಘನ ಅಡಿಯ ಲೆಕ್ಕದಲ್ಲಿ ಕೂಲಿ ಪಡೆಯುವವನ ಕೊಡಲಿ ತೊಗಟೆಯನ್ನೂ ಅಂಚನ್ನೂ ಬಿಟ್ಟು ಕಡಿಯಲು ಬರುತ್ತದೆಯೇ?

ಗುತ್ತೇದಾರನನ್ನು ತೆಗೆದು ಕಡಿಯುವವರೇ ಗುತ್ತಿಗೆ ಹಿಡಿದರೆ ಹೇಗೆ ಎಂಬ ಯೋಚನೆ ಮುಂಬಯಿ ಪ್ರಾಂತದಲ್ಲೇ ಒಮ್ಮೆ ಬಂದಿತ್ತು. 1938ರಲ್ಲಿ ಸೈಮಿಂಗ್ಟನ್ ಎಂಬ ಅಧಿಕಾರಿ ಗುಡ್ಡಗಾಡಿನ ಜನರ ಸ್ಥಿತಿಯ ಬಗ್ಗೆ ವರದಿ ಬರೆದ. 1947ರಿಂದ ಬಾಳಾಸಾಹೇಬ ಖೇರರ ಸರ್ಕಾರದ ಕಾಲದಲ್ಲಿ ಅರಣ್ಯ ಕಾರ್ಮಿಕರ ಸಹಕಾರಿ ಸಂಘಗಳು ಶುರುವಾದವು. ಕೂಪುಗಳನ್ನು ಹರಾಜಿಲ್ಲದೆ ಸಂಘಗಳಿಗೇ ಕೊಡುವ ಕ್ರಮ ಬಂತು. ಮುಧೋಳವಾಗಲೀ ಜಮಖಂಡಿಯಾಗಲೀ ಆಗಿನ್ನೂ ಸಂಸ್ಥಾನಗಳು, ಘೋರ್ಪಡೆಯವರದೊಂದು, ಪಟವರ್ಧನರದೊಂದು. 1948ರಲ್ಲಿ ಎರಡೂ ಮುಂಬಯಿಗೆ ಸೇರಿದವು. ನಮ್ಮ ಬಯಲಲ್ಲಿ ಹೇಳಿಕೊಳ್ಳುವಂಥ ಕಾಡೇ ಇರಲಿಲ್ಲ, ಆದ್ದರಿಂದ ಆ ಯೋಚನೆಗೆ ಇಲ್ಲಿ ಕೆಲಸವೂ ಇರಲಿಲ್ಲ. ನನ್ನ ಮಟ್ಟಿಗೆ ಈ ಕಸುಬಿನ ಇಡೀ ಚರಿತ್ರೆಯಲ್ಲಿ ಕಡಿಯುವವನನ್ನು ಮನುಷ್ಯನೆಂದು ಎಣಿಸಿದ ಘಳಿಗೆ ಅದೊಂದೇ.

1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಕೆಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡದ್ದು ಎಲ್ಲರಿಗೂ ಗೊತ್ತು. ಅಪ್ಪಿಕೋ ದೊಡ್ಡ ಕೆಲಸ ಮಾಡಿತು, ಅದರಲ್ಲಿ ನನಗೆ ಸಂಶಯವಿಲ್ಲ. ಅಂದು ಮರದ ಈ ಬದಿಗೆ ಅಪ್ಪಿದವರಿದ್ದರೆ ಆ ಬದಿಗೆ ಗುತ್ತೇದಾರನ ಆಳುಗಳು ಕೊಡಲಿ ಕೆಳಗಿಟ್ಟು ನಿಂತಿದ್ದರು. ಅವರು ಆಮೇಲೆ ಎಲ್ಲಿ ಹೋದರು ಎಂದು ಬರೆದವರು ವಿರಳ. ಮುಂದೆ 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾರ್ಯಯೋಜನೆಯಿಲ್ಲದ ಕಡಿತಲೆಯನ್ನು ದೇಶದ ಕಾಡುಗಳಲ್ಲೆಲ್ಲ ನಿಲ್ಲಿಸಿತು.

ಕಾಡಿನಲ್ಲಿ ಕೆಲಸ ಕಡಿಮೆಯಾದಂತೆ ನಾಟಾದ ಕಣ್ಣು ಹೊಲದ ಬದುವಿಗೆ, ರಸ್ತೆಯ ದಂಡೆಗೆ ತಿರುಗಿತು. ಅಲ್ಲಿಗೆ ಕೂಪು ಬೇಡ, ಡಿಪೋ ಬೇಡ, ದೊಡ್ಡ ಗುತ್ತೇದಾರನೂ ಬೇಡ. ಸಣ್ಣ ಟೋಳಿಯ ಕಾಲ ಬಂದದ್ದು ಹೀಗೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕೆನ್ನುತ್ತದೆ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿ. ಬೇವು, ಹುಣಸಿ ಕಡಿಯಬೇಕಾದರೆ ಅರ್ಜಿ. ಈ ಅರ್ಜಿ, ಸಾಗಾಟದ ಪರವಾನಿಗೆಯ ಓಡಾಟ ಬಲ್ಲವನೇ ಸಾವಕಾರ. ಬಾರದವನು ಅವನ ಕೈಕೆಳಗಿನ ಟೋಳಿ.

ನನ್ನ ಸೋದರಮಾವ ಈ ಕಸುಬಿಗೆ ಬಂದದ್ದು ಕಬ್ಬಿನ ಗ್ಯಾಂಗಿನಿಂದ. ಹತ್ತು ಹಂಗಾಮು ಕಬ್ಬು ಕಡಿದು, ಮುಂಗಡ ತೀರಿಸಿ, ಓಣಿಯ ಐವರನ್ನು ಕೂಡಿಸಿಕೊಂಡು ಗಿಡಕ್ಕೆ ಕೈ ಹಾಕಿದ. ಮೊದಲ ಮಷಿನ್ ತಗೊಂಡದ್ದು ಸಾವಕಾರರ ಸಾಲದಿಂದ. ಹೊಸ ಟೋಳಿಗಳ ಮೊದಲ ಮಷಿನ್ನಿನ ಕತೆ ಬಹುಪಾಲು ಇದೇ. ಸಾಲ ಇರುವ ತನಕ ಬೇರೆಯವರ ಕೆಲಸ ಹಿಡಿಯುವ ಹಾಗಿಲ್ಲ.

ಈ ವ್ಯಾಪಾರ ನಡೆಯುವುದು ಕಣ್ಣಳತೆಯಲ್ಲಿ. ನಿಂತ ಗಿಡದ ಸುತ್ತ ಸಾವಕಾರ ಒಂದು ಸುತ್ತು ಹಾಕುತ್ತಾನೆ, ಕಾಂಡಕ್ಕೆ ಕೊಡಲಿಯ ಹಿಂಭಾಗದಿಂದ ಬಡಿದು ಸಪ್ಪಳ ಕೇಳುತ್ತಾನೆ. ಗಟ್ಟಿ ಇದ್ದರೆ ಒಂದು ಸಪ್ಪಳ, ಒಳಗೆ ಪೊಳ್ಳಿದ್ದರೆ ಇನ್ನೊಂದು. ಬೇವು ಮುದಿಯಾದರೆ ಒಳಗೆ ಟೊಳ್ಳು ಬೀಳುವುದುಂಟು. ಟೊಳ್ಳು ಬಂದರೆ ನಷ್ಟ ಯಾರದು ಎಂದು ಮೊದಲೇ ಮಾತಾಡಬೇಕು. ಮಾಮಾ ಮೊದಲ ವರ್ಷ ಒಂದೊಂದು ಗಿಡಕ್ಕೂ ಇಷ್ಟು ಎಂದು ಗುತ್ತಾ ಹಿಡಿದ. ಆಮೇಲೆ ಟನ್ನಿನ ಲೆಕ್ಕಕ್ಕೆ ಬಂದ.

“ಕಾಕಾ, ಮನಿ ಮ್ಯಾಲೆ ಬಗ್ಗೇತಿ, ಹಗ್ಗ ಹಾಕಿ ಇಳಸಬೇಕು. ಟೊಂಗಿ ಟೊಂಗಿ ಕಡೀಬೇಕು. ಅದಕ್ಕ ಬ್ಯಾರೆ ಕೊಡ್ರಿ” ಎಂದು ಅವನು ಹೊಲದವರಿಗೆ ಹೇಳುವುದನ್ನು ನಾನು ಕೇಳಿದ್ದೇನೆ.

“ರೊಕ್ಕದ ಮಾತು ಸಾವ್ಕಾರ್ರ ಕೂಡ ಆಡಪಾ, ನನಗ್ಯಾಕ?” ಎಂದರು ಅವರು.

ತೊಡಕೆಲ್ಲ ಆ ಮಾತಿನಲ್ಲಿದೆ. ಮನೆ ಉಳಿಯಬೇಕಾದವರು ಇವರು, ರೊಕ್ಕ ಕೊಡುವವರು ಅವರು, ಗಿಡದ ಮೇಲೆ ಹತ್ತುವವನು ಇನ್ನೊಬ್ಬ. ಬಯಲಿನ ಗಿಡವನ್ನು ಬೀಳಿಸುವುದು ಸುಲಭ: ಬೀಳಬೇಕಾದ ಬದಿಗೆ ಮೊದಲು ಬಾಯಿ ತೆಗೆದು, ಹಿಂದಿನಿಂದ ಕೊಯ್ದು, ನಡುವೆ ಬಾಗಿಲ ತಿರುಗಣಿಯಂತೆ ಒಂದು ಪಟ್ಟಿ ಉಳಿಸಿ, ಬೆಣೆ ಬಡಿದು ಹಗ್ಗ ಎಳೆದರೆ ಹೇಳಿದ ಕಡೆಗೇ ಬೀಳುತ್ತದೆ. ಆ ಪಟ್ಟಿಯನ್ನೂ ಕೊಯ್ದುಬಿಟ್ಟರೆ ಗಿಡ ತನ್ನ ಮನಸ್ಸಿಗೆ ಬಂದ ಕಡೆಗೆ. ಊರೊಳಗಿನ ಗಿಡಕ್ಕೆ ಪತ್ರಾಸಿನ ಮನೆ, ಕರೆಂಟಿನ ತಂತಿ ಎಲ್ಲ ಸೇರುತ್ತವೆ. ಲೈನ್ ಬಂದ್ ಮಾಡಿಸದೆ ಹತ್ತುವುದಿಲ್ಲ ಎಂದು ಹಟ ಹಿಡಿದ ಟೋಳಿಗೆ ಮುಂದಿನ ಕೆಲಸ ಸಿಗದೇ ಹೋಗುವುದೂ ಉಂಟು.

ಪಕ್ಕದ ಹಳ್ಳಿಯೊಂದರಲ್ಲಿ ಹೀಗೇ ಹುಣಸಿ ಗಿಡದಿಂದ ಒಬ್ಬ ಬಿದ್ದ. ಹೆಸರು ಬೇಡ. ನಾಲ್ಕು ದಿನದ ಮೇಲೆ ತೀರಿಕೊಂಡ. ಸಾವಕಾರ ಮಣ್ಣಿಗೆ ಬಂದ, ಖರ್ಚಿಗೆಂದು ಸ್ವಲ್ಪ ರೊಕ್ಕ ಕೊಟ್ಟ, “ನನ್ನ ಆಳಲ್ಲ, ಟೋಳಿಯವನ ಆಳು” ಎಂದ. ಟೋಳಿಯವನ ಹತ್ತಿರ ಒಂದು ಹಳೇ ಮೋಟರ್ ಸೈಕಲ್ ಬಿಟ್ಟರೆ ಏನೂ ಇರಲಿಲ್ಲ. ಆಗ ನಾನು ಕಾಯ್ದೆಯ ಪುಸ್ತಕ ತೆಗೆದು ಕೂತೆ.

1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಮರ ಕಡಿಯುವವರ ಹೆಸರು ಸ್ಪಷ್ಟವಾಗಿದೆ, ತಾಳೆ ಮರ ಹತ್ತುವವರ ಜೊತೆಗೆ, ಕಾಡಿನ ಬೆಂಕಿ ಆರಿಸುವವರ ಜೊತೆಗೆ. ಅದರ 12ನೆಯ ಕಲಮು ಇನ್ನೂ ಮುಖ್ಯ. ತನ್ನ ವ್ಯಾಪಾರದ ಕೆಲಸವನ್ನೇ ಗುತ್ತಿಗೆಗೆ ಕೊಟ್ಟವನು ಗುತ್ತೇದಾರನ ಆಳಿಗೂ ಪರಿಹಾರ ಕೊಡಬೇಕು ಎನ್ನುತ್ತದೆ. ಅಂದರೆ ಕಟ್ಟಿಗೆಯ ವ್ಯಾಪಾರಿಗೆ ‘ನನ್ನ ಆಳಲ್ಲ’ ಎಂದು ಸುಮ್ಮನೆ ಹೇಳಿ ಪಾರಾಗಲು ಬರುವುದಿಲ್ಲ. ತನ್ನ ಮನೆಯ ಮೇಲೆ ಬಾಗಿದ ಗಿಡ ಕಡಿಸಿದ ರೈತನ ಮಾತು ಬೇರೆ, ಅವನದು ಕಟ್ಟಿಗೆಯ ವ್ಯಾಪಾರವಲ್ಲ. ಈ ಕಾಯ್ದೆಗೆ 2009ರ ತಿದ್ದುಪಡಿಯಲ್ಲಿ ಹೆಸರು ಬದಲಾಯಿತು, ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ.

ಆದರೆ ಓದುತ್ತ ಹೋದಂತೆ ನನಗೆ ಮಾಮಾನ ಚಿಂತೆ ಹತ್ತಿತು. ಹಾಗೆ ಪರಿಹಾರ ಕೊಟ್ಟ ಸಾವಕಾರ ಆ ಹಣವನ್ನು ಗುತ್ತೇದಾರನಿಂದ ವಸೂಲಿ ಮಾಡಬಹುದು. ಅದೂ ಅದೇ ಕಲಮಿನಲ್ಲಿದೆ. ಟೋಳಿ ಕಟ್ಟಿದವನು ಕಾಯ್ದೆಯ ಕಣ್ಣಿಗೆ ಗುತ್ತೇದಾರ. ಇನ್ನು ಅವನೇ ಗಿಡದಿಂದ ಬಿದ್ದರೆ? ಕಾಯ್ದೆ ಕಾಯುವುದು ಆಳನ್ನು. ಕಬ್ಬಿನ ಗ್ಯಾಂಗಿನಲ್ಲಿ ಇದ್ದಷ್ಟು ದಿನ ಮಾಮಾ ಆಳಾಗಿದ್ದ. ಸ್ವಂತ ಟೋಳಿ ಕಟ್ಟಿ, ಓಣಿಯಲ್ಲಿ ನಾಲ್ಕು ಜನ ಅವನನ್ನು ‘ಗುತ್ತೇದಾರ್ರ’ ಎಂದು ಕರೆಯತೊಡಗಿದ ದಿನ ಆ ಕಾವಲು ಕಳಚಿತು. ಕೆಲಸ ಮಾತ್ರ ಮೊದಲಿನಷ್ಟೇ, ಗಿಡ ಹತ್ತುವವನೂ ಅವನೇ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೂ ಇಲ್ಲಿಗೆ ಬರುತ್ತಿರಲಿಲ್ಲ. ಅದು 20 ಆಳುಗಳಿದ್ದಲ್ಲಿ ಅನ್ವಯವಾಗುತ್ತಿತ್ತು. 2020ರ ಹೊಸ ಸಂಹಿತೆ ಆ ಸಂಖ್ಯೆಯನ್ನು 50ಕ್ಕೆ ಏರಿಸಿದೆ. ಆರು ಜನರ ಟೋಳಿ ಎರಡೂ ಜರಡಿಯ ಕಣ್ಣಿನಿಂದ ಕೆಳಗೆ ಉದುರಿಹೋಗುತ್ತದೆ.

ಇದನ್ನೆಲ್ಲ ಒಂದು ಸಂಜೆ ಮಾಮಾನಿಗೆ ಹೇಳಿದೆ. ಮಷಿನ್ನಿನ ಚೈನಿಗೆ ಅರ ತಿಕ್ಕುತ್ತ ಎಲ್ಲ ಕೇಳಿದ. “ಹಂಗಾರ ನಾ ಆಳ ಅಂತ ಬರಸಾಕ ಬರ್ತೈತೇನು?” ಎಂದ. ಸಾವಕಾರರು ಬರೆದುಕೊಟ್ಟರೆ ಬರುತ್ತದೆ ಎಂದೆ. ಅವನು ನಕ್ಕ. ಮರುವಾರದಿಂದ ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆಸಲು ಶುರು ಮಾಡಿದ್ದಾನೆ: ತಾರೀಕು, ಯಾರ ಹೊಲ, ಎಷ್ಟು ಗಿಡ, ಕೆಲಸ ಕೊಟ್ಟ ಸಾವಕಾರ ಯಾರು, ಯಾರ್ಯಾರು ಬಂದಿದ್ದರು. ಬರೆಯುವವಳು ಎಂಟನೆಯ ಇಯತ್ತೆಯ ಮಗಳು. ಕಡೆಯ ಕಾಲಮಿನಲ್ಲಿ ಸಾವಕಾರರ ಸಹಿ ಎಂದು ಗೆರೆ ಹಾಕಿದ್ದಾಳೆ. ಹನ್ನೊಂದು ಪುಟ ತುಂಬಿವೆ, ಆ ಕಾಲಮಿನಲ್ಲಿ ಈತನಕ ಎರಡು ಸಹಿ ಬಿದ್ದಿವೆ.