ಗುಲಗಂಜಿಯ ವಿಷ

ಬೇಲಿಗೂ ಪೊದೆಗೂ ಹಬ್ಬಿ ಬೆಳೆಯುವ ಗುಲಗಂಜಿ ಬಳ್ಳಿಯ ಬೀಜದಲ್ಲಿ ಅಡಗಿರುವ ಈ ವಿಷವು ಏಬ್ರಿನ್ ಎಂಬ ಪ್ರೋಟೀನು. ಮೈಯೆಲ್ಲ ರಕ್ತವರ್ಣವಾಗಿ, ಕಾಯಿಗೆ ಅಂಟಿಕೊಂಡಿದ್ದ ಕಡೆ ಮಾತ್ರ ಕಾಡಿಗೆಯಿಟ್ಟಂತೆ ಕಪ್ಪಾಗಿರುವ ಈ ಬೀಜವನ್ನು ಅಕ್ಕಸಾಲೆಯು ತಕ್ಕಡಿಯ ತಟ್ಟೆಯಲ್ಲಿಟ್ಟು ಚಿನ್ನ ತೂಗುತ್ತಿದ್ದನು. ಉತ್ತರದವರು ರತ್ತಿ ಎನ್ನುವ ಈ ಮಾನದ ತೂಕ ಸುಮಾರು 121 ಮಿಲಿಗ್ರಾಂ, ಅಂಥವು 96 ಸೇರಿದರೆ ಒಂದು ತೊಲ.

ಗುಲಗಂಜಿಯನ್ನು ಉಪವಿಷಗಳಲ್ಲಿ ಗಣಿಸಿದ ಪ್ರಾಚೀನ ವೈದ್ಯರು, ಬೀಜವನ್ನು ಬಟ್ಟೆಯಲ್ಲಿ ಗಂಟುಕಟ್ಟಿ, ಮಡಕೆಯ ಬಾಯಿಗೆ ಅಡ್ಡವಿಟ್ಟ ಕೋಲಿನಿಂದ ಕಾಂಜಿಯೊಳಗೋ ಹಾಲಿನೊಳಗೋ ಇಳಿಬಿಟ್ಟು, ಒಂದು ಪ್ರಹರ ಕುದಿಸಿದ ಹೊರತು ಔಷಧಕ್ಕೆ ಬಳಸಕೂಡದೆಂದು ವಿಧಿಸಿದರು. ಏಬ್ರಿನ್ ಕಾವಿಗೆ ಕೆಡುವ ಪದಾರ್ಥವಾದುದರಿಂದ ಈ ವಿಧಿಯನ್ನು ಬರಿಯ ಆಚಾರವೆಂದು ತಳ್ಳಿಹಾಕುವಂತಿಲ್ಲ. ಇದೇ ಬೀಜವನ್ನು ಅರೆದು, ಮೊನಚಾದ ಸಣ್ಣ ಕಡ್ಡಿಗಳಾಗಿ ಹೊಸೆದು, ಬಿಸಿಲಿಗೆ ಒಣಗಿಸಿ, ಚರ್ಮದ ಆಸೆಗಾಗಿ ಪರರ ದನಗಳ ಮೈಗೆ ಚುಚ್ಚುವ ದುಷ್ಕೃತ್ಯವೂ ಉತ್ತರ ಹಿಂದೂಸ್ಥಾನದಲ್ಲಿತ್ತು. ‘ಸುಯಿ’ ಎಂಬ ಆ ಸೂಜಿಯಿಂದ ಸತ್ತ ದನವನ್ನು ಹಾವು ಕಚ್ಚಿ ಸತ್ತಿತೆಂದೇ ಒಡೆಯನು ನಂಬುತ್ತಿದ್ದುದುಂಟು.

1882ರಲ್ಲಿ ಪ್ಯಾರಿಸ್ಸಿನ ನೇತ್ರವೈದ್ಯ ಲೂಯಿ ದ ವೆಕರ್, ಬ್ರೆಜಿಲ್ ದೇಶದ ರೂಢಿಯನ್ನು ಅನುಸರಿಸಿ, ಬೀಜ ನೆನೆಸಿದ ನೀರಿನಿಂದ ಕಣ್ಣಿಗೆ ಉರಿಯೂತವನ್ನು ತರಿಸಿ ಟ್ರಕೋಮಾ ರೋಗವನ್ನು ಗುಣಪಡಿಸುವ ಸಾಹಸಕ್ಕೆ ತೊಡಗಿದನು. ಆ ಉರಿಯೂತಕ್ಕೆ ಸೂಕ್ಷ್ಮಜೀವಿಯೇ ಕಾರಣವೆಂದು ಸಾಟ್ಲರ್ ಎಂಬವನು ವಾದಿಸಲು, ಎಲ್ಲಕ್ಕೂ ಜೀವಾಣುವನ್ನೇ ಹೊಣೆಮಾಡುವ ಉತ್ಸಾಹದ ಆ ಕಾಲದಲ್ಲಿ ಅದು ಸಹಜವಾಗಿಯೇ ತೋರಿತು. ಆದರೆ ಕಲ್ಕತ್ತೆಯಲ್ಲಿ ವಾರ್ಡನ್ ಮತ್ತು ವ್ಯಾಡೆಲ್ ಎಂಬವರು 1884ರಲ್ಲಿ, ದೋಷವು ಬೀಜದ ಪ್ರೋಟೀನಿನದೇ ಹೊರತು ಜೀವಾಣುವಿನದಲ್ಲವೆಂದು ತೋರಿಸಿದರು.

ಗುಲಗಂಜಿಯ ನಿಜವಾದ ಕೀರ್ತಿಯಾದರೋ ಬರ್ಲಿನ್ನಿನಲ್ಲಿ ಪಾಲ್ ಏರ್ಲಿಖ್ 1891ರಲ್ಲಿ ನಡೆಸಿದ ಪ್ರಯೋಗಗಳಿಂದ ಬಂದುದು. ಹರಳುಬೀಜದ ರಿಸಿನ್ನನ್ನೂ ಗುಲಗಂಜಿಯ ಏಬ್ರಿನ್ನನ್ನೂ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರಿಸುತ್ತ ಕೊಟ್ಟಾಗ, ಪ್ರಾಣಿಗಳು ಮಾರಕ ಪ್ರಮಾಣವನ್ನೂ ತಾಳುವಂತಾದುವು. ಆದರೆ ರಿಸಿನ್ನಿಗೆ ಒಗ್ಗಿದ ಪ್ರಾಣಿ ಏಬ್ರಿನ್ನಿಗೆ ಸಾಯುತ್ತಿತ್ತು. ಒಂದೊಂದು ವಿಷಕ್ಕೂ ದೇಹವು ಬೇರೆಬೇರೆ ರಕ್ಷಣೆಯನ್ನು ನಿರ್ಮಿಸಿಕೊಳ್ಳುವುದೆಂಬ ಆಧುನಿಕ ರೋಗರಕ್ಷಾಶಾಸ್ತ್ರದ ಮೂಲತತ್ತ್ವಕ್ಕೆ ಹೀಗೆ ಎರಡು ಹಿತ್ತಿಲಬೀಜಗಳು ಸಾಕ್ಷ್ಯ ನುಡಿದುವು.

ಏಬ್ರಿನ್ನಿನ ಅಣುವಿಗೆ ಎರಡು ಸರಪಳಿಗಳು: ಒಂದು ಜೀವಕೋಶದ ಮೇಲ್ಮೈಗೆ ಅಂಟಿಕೊಳ್ಳುವುದು, ಒಳಹೊಕ್ಕ ಇನ್ನೊಂದು ಪ್ರೋಟೀನು ತಯಾರಿಸುವ ರೈಬೋಸೋಮುಗಳನ್ನು ಕೆಡಿಸುವುದು. ಬೀಜದ ಸಿಪ್ಪೆ ಬಲು ಗಟ್ಟಿಯಾದುದರಿಂದ ಇಡಿಯಾಗಿ ನುಂಗಿದ ಗುಲಗಂಜಿ ಬಹುವೇಳೆ ಹಾಗೆಯೇ ಹೊರಬೀಳುತ್ತದೆ. ಅಗಿದದ್ದು, ಅಥವಾ ಸರ ಪೋಣಿಸಲೆಂದು ತೂತು ಕೊರೆದದ್ದು ಮಾತ್ರ ಪ್ರಾಣಾಪಾಯಕಾರಿ.