ಬೆಕ್ಕಿನ ಮರಿಗೆ ಉಸುಕಿನ ಟ್ರೇ: ಏನು ತುಂಬಬೇಕು, ಹೇಗೆ ರೂಢಿ ಮಾಡಬೇಕು

ಮಣ್ಣು ಕೆದರುವ ಹುಟ್ಟುಗುಣ

ಕೃಷ್ಣಾ, ಮಕ್ತಲ್, ಗದ್ವಾಲ ಕಡೆ ಮನೆ ಕಟ್ಟಲು ಯಾರಾದರೂ ಉಸುಕು ಹಾಕಿಸಿದರೆ, ಓಣಿಯ ಬೆಕ್ಕುಗಳಿಗೆ ಅಂದು ರಾತ್ರಿಯಿಂದಲೇ ಅದು ಪಾಯಖಾನೆ. ಕೆದರಿ ಕುಳಿ ತೋಡಿ, ಕೆಲಸ ಮುಗಿಸಿ, ಮೂಸಿ ನೋಡಿ, ಮತ್ತೆ ಮುಚ್ಚಿ ಹೋಗುತ್ತವೆ. ಇದನ್ನು ಯಾರೂ ಕಲಿಸಿದ್ದಲ್ಲ. ಸಾಕುಬೆಕ್ಕಿನ ಮೂಲ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ನಾಡುಗಳ ಕಾಡುಬೆಕ್ಕು. ಸಡಿಲವಾದ ಮಣ್ಣು ಕಂಡರೆ ಅಲ್ಲಿಗೇ ಹೋಗುವ ಗುಣ ಆ ವಂಶದ್ದು. ಹಾಗಾಗಿ ಬೆಕ್ಕಿನ ಮರಿಗೆ ‘ತರಬೇತಿ’ ಕೊಡುವುದು ಎಂದರೆ ನಿಜದಲ್ಲಿ ಅದರ ಕಾಲಿಗೆ ಒಪ್ಪುವ ಪುಡಿಯನ್ನು, ಒಪ್ಪುವ ಜಾಗದಲ್ಲಿ, ಸ್ವಚ್ಛವಾಗಿ ಇಡುವುದು. ಕೆಲಸದ ಹೆಚ್ಚಿನ ಪಾಲು ನಮ್ಮದೇ.

ಹಿಂದೆ ಹಿತ್ತಲು, ತಿಪ್ಪೆ, ಹೊಲದ ಬದು ಬೆಕ್ಕಿಗೆ ಸಾಕಾಗುತ್ತಿದ್ದವು. ಈಗ ಹಿತ್ತಲಿಗೂ ಸಿಮೆಂಟು ಬಂದಿದೆ, ಓಣಿಯಲ್ಲಿ ನಾಯಿಗಳ ಗುಂಪು, ಮಕ್ತಲ್ ಮೇಲೆ ಹಾದುಹೋಗುವ ರಾಯಚೂರು–ಮಹಬೂಬ್‌ನಗರ ಹೆದ್ದಾರಿಯಲ್ಲಿ ಬಿಡುವಿಲ್ಲದ ಲಾರಿಗಳು. ಮರಿಯನ್ನು ಕೆಲವು ತಿಂಗಳಾದರೂ ಮನೆಯೊಳಗೇ ಇಟ್ಟುಕೊಳ್ಳುವುದು ಅದರ ಜೀವಕ್ಕೆ ಒಳ್ಳೆಯದು. ಆಗ ಟ್ರೇ ಬೇಕೇಬೇಕು.

ಲಿಟರ್ ಬಂದ ದಾರಿ

ಟ್ರೇಯಲ್ಲಿ ತುಂಬುವ, ಮೂತ್ರ ಹೀರಿಕೊಳ್ಳುವ ಪುಡಿಗೆ ಅಂಗಡಿಯವರು ಲಿಟರ್ ಎನ್ನುತ್ತಾರೆ. ಅಮೆರಿಕದಲ್ಲೂ ಜನ ಮೊದಲು ಬಳಸುತ್ತಿದ್ದುದು ಉಸುಕು ಮತ್ತು ಒಲೆಯ ಬೂದಿಯನ್ನೇ. 1947ರಲ್ಲಿ ಮಿಶಿಗನ್ ರಾಜ್ಯದ ಎಡ್ ಲೋವ್ ಎಂಬಾತ, ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆ ಹೀರಲು ಮಾರುತ್ತಿದ್ದ ಒಣ ಜೇಡಿಯನ್ನು ಬೆಕ್ಕಿಗಾಗಿ ಚೀಲದಲ್ಲಿ ತುಂಬಿ ಮಾರತೊಡಗಿದ. 1980ರ ದಶಕದಲ್ಲಿ ಬೆಂಟೊನೈಟ್ ಜೇಡಿ ಬಂತು. ಇದು ಒದ್ದೆಯಾದಷ್ಟು ಭಾಗ ಮಾತ್ರ ಉಂಡೆಗಟ್ಟುತ್ತದೆ. ಉಂಡೆಯನ್ನು ಎತ್ತಿ ಹಾಕಿದರೆ ಉಳಿದದ್ದು ಹಾಗೇ ಇರುತ್ತದೆ. ಭಾರತದಲ್ಲಿ ಬೆಂಟೊನೈಟ್ ಸಿಗುವುದು ಮುಖ್ಯವಾಗಿ ಗುಜರಾತಿನ ಕಛ್ ಮತ್ತು ರಾಜಸ್ಥಾನದ ಬಾಡಮೇರ್ ಕಡೆ.

ನಮ್ಮ ರೈತರಿಗೆ ಈ ಜೇಡಿಯ ಗುಣ ಹೊಸದಲ್ಲ. ಬೆಂಟೊನೈಟಿನ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವ ನಮ್ಮ ಎರೆ ಹೊಲದ ಮಣ್ಣಿನಲ್ಲೂ ಇದೇ ವರ್ಗದ ಖನಿಜಗಳಿವೆ. ಹಾಗೆಂದು ಎರೆ ಮಣ್ಣನ್ನೇ ಟ್ರೇಗೆ ಸುರಿಯಬಾರದು. ಉಂಡೆಗಟ್ಟಲು ಸೋಡಿಯಂ ಅಂಶದ ಜೇಡಿ ಬೇಕು. ಎರೆಯಲ್ಲಿ ಹೆಚ್ಚಾಗಿ ಇರುವುದು ಕ್ಯಾಲ್ಸಿಯಂ. ಅದು ಉಂಡೆಯಾಗದೆ ರಾಡಿಯಾಗುತ್ತದೆ, ಮರಿಯ ಪಾದದ ಸಂದಿನಲ್ಲಿ ಅಂಟಿ ಮನೆಯೆಲ್ಲ ಹರಡುತ್ತದೆ.

ಯಾವುದನ್ನು ಆರಿಸುವುದು

ಮೂರು–ನಾಲ್ಕು ತಿಂಗಳೊಳಗಿನ ಮರಿಗೆ ಉಂಡೆಗಟ್ಟುವ ಲಿಟರ್ ಬೇಡ. ಆ ವಯಸ್ಸಿನ ಮರಿ ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ನುಂಗಿದ ಜೇಡಿ ಕರುಳಿನಲ್ಲಿ ಉಬ್ಬಿ ಗಂಟಾಗುವ ಭಯವಿದೆ. ಈ ಒಂದು ವಿಷಯದಲ್ಲಿ ರಾಜಿ ಬೇಡ.

ಹಾಗಾದರೆ ಏನು ಹಾಕುವುದು? ಕೃಷ್ಣಾ ತೀರದವರಿಗೆ ನನ್ನ ಮೊದಲ ಸಲಹೆ ಉಸುಕು. ದಪ್ಪ ಹರಳು, ಗಾಜಿನ ಚೂರು ಹೋಗುವಂತೆ ಸಾಣಿಗೆ ಹಿಡಿದು, ದೂಳು ಹೋಗುವಂತೆ ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಬಳಸಬೇಕು. ಮರಿಗಳು ಅದನ್ನು ಕಂಡ ಕೂಡಲೇ ಒಪ್ಪುತ್ತವೆ. ಉಸುಕಿನ ಕೊರತೆ ಎಂದರೆ ಮೂತ್ರವನ್ನು ಹೀರಿ ಹಿಡಿದಿಡುವುದಿಲ್ಲ, ತಳಕ್ಕೆ ಇಳಿಸುತ್ತದೆ. ಆದ್ದರಿಂದ ಎರಡು–ಮೂರು ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಮನೆ ಕಟ್ಟುವ ಗುಡ್ಡೆಯಿಂದ ನೇರವಾಗಿ ತರಬೇಡಿ; ಅದರಲ್ಲಿ ಬೇರೆ ಬೆಕ್ಕುಗಳ ಮಲವೂ ಜಂತುವಿನ ತತ್ತಿಯೂ ಇರುತ್ತವೆ.

ಅಕ್ಕಿ ಗಿರಣಿಯಿಂದ ನೆಲ್ಲಿನ ಹೊಟ್ಟು ಸುಲಭವಾಗಿ ಸಿಗುತ್ತದೆ, ಆದರೆ ಅದು ಒರಟು, ಹಗುರ, ನೀರು ಹೀರುವುದು ಕಡಿಮೆ. ಶೇಂಗಾ ಸಿಪ್ಪೆಗೆ ಒದ್ದೆಯಾದರೆ ಬೂಜು ಹಿಡಿಯುತ್ತದೆ. ಕಟ್ಟಿಗೆ ಹೊಟ್ಟು ಹೀರುವುದರಲ್ಲಿ ಚೆನ್ನಾಗಿದೆ. ನವಿರಾದ ದೂಳಿನದು ಬೇಡ, ಬಣ್ಣ–ಪಾಲಿಶ್ ಸೇರಿದ ಕಟ್ಟಿಗೆಯದಂತೂ ಬೇಡವೇ ಬೇಡ. ಹರಿದ ಪತ್ರಿಕೆ ಕಾಗದ ಒಂದೆರಡು ದಿನದ ತುರ್ತಿಗೆ ನಡೆಯುತ್ತದೆ.

ಒಲೆಯ ಬೂದಿಯ ವಿಷಯ ಬೇರೆ. ಬಹಳ ಮನೆಗಳಲ್ಲಿ ಬೆಕ್ಕಿಗೆ ಬೂದಿ ಹಾಕುವ ರೂಢಿ ಇತ್ತು, ಈಗಲೂ ಇದೆ. ಆದರೆ ಕಟ್ಟಿಗೆಯ ಬೂದಿ ಕ್ಷಾರ. ಒದ್ದೆಯಾದಾಗ ಅದು ಮರಿಯ ಎಳೆಯ ಪಾದವನ್ನು ಸುಡುತ್ತದೆ. ಮರಿ ಪಾದ ನೆಕ್ಕಿದರೆ ಬಾಯಿಯೂ ಉರಿಯುತ್ತದೆ. ಕ್ಷಾರದ ಜತೆ ಸೇರಿದ ಮೂತ್ರದಿಂದ ಅಮೋನಿಯಾ ಹೆಚ್ಚು ಏಳುವುದರಿಂದ ನಾತವೂ ಹೆಚ್ಚು. ಬೂದಿಯನ್ನು ಕೈಬಿಡುವುದೇ ಸರಿ.

ಮರಿ ದೊಡ್ಡದಾದ ಮೇಲೆ ಬೆಂಟೊನೈಟಿಗೆ ಬದಲಾಯಿಸಬಹುದು. ಸೋಯಾದಿಂದ ಮಾಡಿದ ತೋಫು ಲಿಟರ್, ಸಿಲಿಕಾ ಹರಳು ಕೂಡ ಆನ್‌ಲೈನಿನಲ್ಲಿ ಸಿಗುತ್ತವೆ, ಬೆಲೆ ಹೆಚ್ಚು. ಯಾವುದೇ ಆಗಲಿ, ಲ್ಯಾವೆಂಡರ್, ನಿಂಬೆ ಎಂದು ಪರಿಮಳ ಹಾಕಿದ್ದನ್ನು ತರಬೇಡಿ. ಆ ವಾಸನೆ ನಮ್ಮ ಸಮಾಧಾನಕ್ಕೆ. ನಮಗಿಂತ ಎಷ್ಟೋ ಪಾಲು ತೀಕ್ಷ್ಣ ಮೂಗಿರುವ ಬೆಕ್ಕು ಅದಕ್ಕೆ ಬೇಸತ್ತು ಟ್ರೇಯನ್ನೇ ಬಿಡುತ್ತದೆ. ಹೊಸ ಲಿಟರನ್ನು ಒಮ್ಮೆಗೇ ಸುರಿಯದೆ, ಹಳೆಯದರ ಜತೆ ದಿನವೂ ಸ್ವಲ್ಪಸ್ವಲ್ಪ ಬೆರೆಸುತ್ತ ಒಂದು ವಾರದಲ್ಲಿ ಬದಲಿಸಿ.

ಟ್ರೇ ಮತ್ತು ಅದರ ಜಾಗ

ಮರಿಗೆ 5–7 ಸೆಂಟಿಮೀಟರ್ ಅಂಚಿನ ಪ್ಲಾಸ್ಟಿಕ್ ಟ್ರೇ ಸಾಕು, ತಾನೇ ಹತ್ತಿ ಇಳಿಯುವಂತಿರಬೇಕು. ಬೆಳೆದ ಬೆಕ್ಕಿಗೆ ಅದರ ಮೈ ಉದ್ದದ ಒಂದೂವರೆ ಪಟ್ಟು ಉದ್ದದ ಟಬ್ ಬೇಕು. ಟಬ್ಬಿನಲ್ಲಿ ಲಿಟರ್ 5 ಸೆಂಟಿಮೀಟರಿನಷ್ಟು ಆಳ ಇರಲಿ, ಮರಿಯ ಟ್ರೇಯಲ್ಲಿ ಅದಕ್ಕಿಂತ ಕಡಿಮೆ ಸಾಕು. ಒಂದು ಬೆಕ್ಕಿಗೆ ಎರಡು ಟ್ರೇ, ಎರಡಕ್ಕೆ ಮೂರು ಎಂಬುದು ಪಶುವೈದ್ಯರು ಹೇಳುವ ಲೆಕ್ಕ. ಅನ್ನ, ನೀರಿನ ಬಟ್ಟಲಿನಿಂದ ದೂರ, ಸದ್ದಿಲ್ಲದ ಮೂಲೆ ಒಳ್ಳೆಯದು. ಬಚ್ಚಲಿನಲ್ಲಿ ಇಡುವವರು ಬಹಳ. ಅಲ್ಲಿ ನೀರು ಸಿಡಿದು ಲಿಟರ್ ತೊಯ್ದರೆ ಮರಿ ಅದರ ಮೇಲೆ ಕಾಲಿಡುವುದಿಲ್ಲ.

ರೂಢಿ ಮಾಡುವುದು

ಮೊದಲ ಮೂರು ವಾರ ಮರಿ ತಾನಾಗಿ ಮಲಮೂತ್ರ ಮಾಡಲಾರದು. ತಾಯಿ ನೆಕ್ಕಿ ಮಾಡಿಸುತ್ತದೆ. ತಾಯಿ ಇಲ್ಲದೆ ಸಿಕ್ಕ ಮರಿಯಾದರೆ, ಪ್ರತಿ ಸಲ ಹಾಲು ಕುಡಿಸಿದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಹಿಂಬದಿಯನ್ನು ಮೆಲ್ಲಗೆ ಒರೆಸಬೇಕು. ಇದನ್ನು ಬಿಟ್ಟರೆ ಮರಿ ಸಾಯಬಹುದು. ನಾಲ್ಕನೆಯ ವಾರದ ಹೊತ್ತಿಗೆ ಅದು ಕೆದರಲು ಶುರುಮಾಡುತ್ತದೆ. ಟ್ರೇ ಇಡುವ ಕಾಲ ಅದೇ.

ಮೊದಲ ಕೆಲವು ದಿನ ಮರಿಗೆ ಇಡೀ ಮನೆ ಬಿಡಬೇಡಿ, ಒಂದು ಸಣ್ಣ ಕೋಣೆ ಸಾಕು. ಎದ್ದ ಕೂಡಲೇ, ಉಂಡ ಮೇಲೆ, ಆಡಿ ದಣಿದ ಮೇಲೆ ಎತ್ತಿ ಟ್ರೇಯಲ್ಲಿ ಬಿಡಿ. ಮುಂಗಾಲು ಹಿಡಿದು ಬಲವಂತವಾಗಿ ಕೆದರಿಸಬೇಡಿ. ನಿಮ್ಮ ಬೆರಳಿನಿಂದ ಉಸುಕನ್ನು ಸ್ವಲ್ಪ ಕೆದರಿ ತೋರಿಸಿದರೆ ಸಾಕು. ಬೇರೆ ಕಡೆ ಮಾಡಿದರೆ ಆ ಹಿಕ್ಕೆಯನ್ನು ಎತ್ತಿ ಟ್ರೇಗೆ ಹಾಕಿ, ವಾಸನೆ ಅದನ್ನು ಅಲ್ಲಿಗೆ ಕರೆಯುತ್ತದೆ. ಮೂಗು ಹಚ್ಚಿ ಉಜ್ಜುವುದು, ಹೊಡೆಯುವುದು ಶುದ್ಧ ಕ್ರೌರ್ಯ. ಅದರಿಂದ ಮರಿ ಕಲಿಯುವುದು ನಮ್ಮ ಕಣ್ಣಿಗೆ ಬೀಳದಂತೆ ಮಂಚದ ಕೆಳಗೆ ಮಾಡುವುದನ್ನು ಮಾತ್ರ.

ಸ್ವಚ್ಛತೆ: ಫಿನಾಯಿಲ್ ಬೇಡ

ದಿನಕ್ಕೆ ಎರಡು ಸಲ ಹಿಕ್ಕೆ ತೆಗೆಯಿರಿ. ಟ್ರೇಯನ್ನು ಸೋಪು ಮತ್ತು ಬಿಸಿನೀರಿನಿಂದ ತೊಳೆದು ಬಿಸಿಲಿಗಿಡಿ. ಫಿನಾಯಿಲ್ ಹಾಕಬಾರದು: ಫೀನಾಲ್ ಜಾತಿಯ ರಾಸಾಯನಿಕವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ, ಪಾದಕ್ಕೆ ಹತ್ತಿದ್ದನ್ನು ನೆಕ್ಕಿದರೂ ವಿಷವೇ. ಬ್ಲೀಚ್ ಕೂಡ ಬೇಡ, ಮೂತ್ರದ ಅಮೋನಿಯಾ ಜತೆ ಸೇರಿ ಅದು ಕೆಟ್ಟ ಅನಿಲ ಬಿಡುತ್ತದೆ. ನೆಲದ ಕಲೆಗೆ ವಿನೆಗರ್ ಹಾಕಿ ಎಂದು ಹೊರದೇಶದ ಪುಸ್ತಕಗಳು ಹೇಳುತ್ತವೆ. ನಮ್ಮ ಮನೆಗಳ ಶಹಾಬಾದ್ ಫರಸಿ ಸುಣ್ಣದ ಕಲ್ಲು, ಹುಳಿ ಬಿದ್ದರೆ ಕೊರೆದುಹೋಗುತ್ತದೆ. ಸೋಪಿನ ನೀರಲ್ಲಿ ಎರಡು ಮೂರು ಸಲ ಒರೆಸುವುದೇ ಮೇಲು.

ಬೆಕ್ಕಿನ ಮಲದಲ್ಲಿ ಟೊಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು. ಅದು ಹೊರಬಿದ್ದ ಕೂಡಲೇ ಸೋಂಕು ಹಚ್ಚುವುದಿಲ್ಲ, ಒಂದರಿಂದ ಐದು ದಿನ ಬೇಕು. ದಿನವೂ ತೆಗೆದರೆ ಅಪಾಯ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಬಸುರಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಇನ್ನೊಂದು ಮಾತು ಕುರಿ ಸಾಕುವವರಿಗೆ: ಇದೇ ಪರಾವಲಂಬಿ ಕುರಿಗಳಲ್ಲಿ ಗರ್ಭಪಾತ ಮಾಡಿಸುತ್ತದೆ. ಲಿಟರನ್ನು ಸೊಪ್ಪೆಯ ಬಣವೆ ಹತ್ತಿರವಾಗಲಿ, ಕಾಯಿಪಲ್ಲೆ ಹೊಲಕ್ಕೆ ಹೋಗುವ ತಿಪ್ಪೆಗಾಗಲಿ ಹಾಕದೆ ಆಳವಾಗಿ ಹೂಳಿ.

ಟ್ರೇ ಬಿಟ್ಟರೆ

ರೂಢಿಯಾದ ಬೆಕ್ಕು ಏಕಾಏಕಿ ಬೇರೆಡೆ ಮಾಡತೊಡಗಿದರೆ ಮೊದಲು ಟ್ರೇ ಕೊಳಕಾಗಿದೆಯೇ, ಲಿಟರ್ ಬದಲಾಗಿದೆಯೇ ನೋಡಿ. ಎರಡೂ ಅಲ್ಲವಾದರೆ ಅದು ರೋಗ ಇರಬಹುದು. ಗಂಡು ಬೆಕ್ಕು ಮತ್ತೆಮತ್ತೆ ಟ್ರೇಯಲ್ಲಿ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ ಮೂತ್ರನಾಳ ಕಟ್ಟಿದೆ ಎಂದು ತಿಳಿಯಿರಿ. ಒಂದೆರಡು ದಿನದೊಳಗೆ ಪ್ರಾಣ ಹೋಗುವ ಸ್ಥಿತಿ ಅದು. ಬೆಳಗಾಗಲಿ, ಸಂತೆ ಮುಗಿಯಲಿ ಎಂದು ಕಾಯದೆ ದನದ ದವಾಖಾನೆಗೆ ಒಯ್ಯಿರಿ.